ಎರಡನೆಯ ಪ್ಲಗ್ಗು

ಒಂಟಾರಿಯೋ, ಹೆದ್ದಾರಿ ಪಕ್ಕದ ಮೋಟೆಲ್
27 ನವೆಂಬರ್ 1977

ಅಪ್ಪ,

ಪೇಪರಿನಲ್ಲಿ ಓದಿ ಗಾಬರಿಯಾಗುವ ಮೊದಲು ನಾನೇ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಈ ಸಾಲನ್ನು ಅಮ್ಮನಿಗೆ ಎರಡು ಸಲ ಓದಿ ಹೇಳು, ಆಮೇಲೆ ಮುಂದಕ್ಕೆ ಹೋಗು.

ಗಾರ್ನೆಟ್‌ಗೆ ಕರೆಂಟು ಹೊಡೆಯಿತು. ನಮ್ಮ ಬ್ಯಾಂಡಿನ ಗಿಟಾರಿನವನು. ಅಕ್ಟೋಬರಿನಲ್ಲಿ ನಮ್ಮೂರಲ್ಲಿ ನಿನ್ನ ಸ್ಕೇಟಿಂಗ್ ರಿಂಕಿನಲ್ಲಿ ಹಾಡಲು ಬಂದಾಗ ಅಮ್ಮನ ಕೈಯ ಪೆರೋಗಿ ಕಡುಬು ಇಪ್ಪತ್ತೆಂಟು ತಿಂದು, ಇನ್ನೂ ಇದೆಯಾ ಅಂತ ಅಡುಗೆಮನೆಗೆ ಇಣುಕಿದನಲ್ಲ, ಅವನೇ. ಗುರುವಾರ ಮಧ್ಯಾಹ್ನ ಇಲ್ಲಿನ ಐಸ್ ರಿಂಕಿನಲ್ಲಿ ಸಂಜೆಯ ಕಾರ್ಯಕ್ರಮಕ್ಕೆ ಎಲ್ಲ ಜೋಡಿಸುತ್ತಿದ್ದೆವು. ಎಲ್ಲ ಊರಿನ ಹಾಗೆ ಇಲ್ಲೂ ಐಸಿನ ಮೇಲೆ ಹಲಗೆ, ಹಲಗೆಯ ಮೇಲೆ ನಾವು. ಹಲಗೆ ಬೆವೆತು ಒದ್ದೆಯಾಗಿತ್ತು. ಅವನು ಗಿಟಾರು ಹೆಗಲಿಗೆ ಹಾಕಿಕೊಂಡು, ನನ್ನ ಮೈಕಿನ ಹತ್ತಿರ ಬಾಯಿ ತಂದು, "ಇವತ್ತು ಡಾರ್ಸಿಗೆ ಯಾರೂ ಜಾಸ್ತಿ ಚಪ್ಪಾಳೆ ಹೊಡೀಬೇಡ್ರಪ್ಪ, ಮೊದಲೇ ನೆಲದ ಮೇಲೆ ಕಾಲಿಲ್ಲ ಅವಳಿಗೆ" ಅಂದ. (ಪೋಸ್ಟರಿನಲ್ಲಿ ನಾನು ಡಾರ್ಸಿ ಅನ್ನುವುದಕ್ಕೆ ನಿನಗಿರುವ ಸಿಟ್ಟನ್ನು ಇವತ್ತು ಬದಿಗಿಡು.) ಅವನ ತುಟಿ ಮೈಕಿಗೆ ತಾಗಿತು. ಅವನು ಕೂಗಲಿಲ್ಲ. ಗಿಟಾರಿನ ತಂತಿ ಹಿಡಿದ ಎಡಗೈ ಬಿಟ್ಟುಬರಲಿಲ್ಲ, ಮೈ ಮಾತ್ರ ನಡುಗುತ್ತಿತ್ತು. ಇವನದು ಯಾವಾಗಲೂ ಇದೇ ಆಟ ಅಂದುಕೊಂಡೆ. ನಾನು ನಕ್ಕೆ, ಅಪ್ಪ.

ಮರ್ವಿನ್ ಓಡಿಹೋಗಿ ಗೋಡೆಯ ವೈರು ಕಿತ್ತ. ಅವನು ನಮ್ಮ ವ್ಯಾನು ಓಡಿಸುವವನು, ವೈರುಗಳ ಉಸ್ತುವಾರಿಯೂ ಅವನದೇ. ರಿಂಕಿನ ಕೆಲಸದ ಮುದುಕರೊಬ್ಬರು, ನಿನ್ನ ಹಾಗೇ ಸೊಂಟಕ್ಕೆ ಬೀಗದಕೈ ಗೊಂಚಲು ಕಟ್ಟಿಕೊಂಡವರು, ಎದೆ ಒತ್ತಿ ಒತ್ತಿ ಅವನ ಉಸಿರು ವಾಪಸು ತಂದರು. ಜೀವ ಇದೆ. ಎಡಗೈ ಬೆಂದಿದೆ.

ಫೈರ್ ಸ್ಟೇಷನ್ನಿನವರು ಬಂದು ಅವನ ಗಿಟಾರಿನ ಸದ್ದು ಹೆಚ್ಚಿಸುವ ಕಪ್ಪು ಆಂಪ್ ಪೆಟ್ಟಿಗೆಯ ಪ್ಲಗ್ಗನ್ನು ಬಿಚ್ಚಿದರು. ಹೊರಗಿನಿಂದ ನೋಡಿದರೆ ಮೂರೂ ಪಿನ್ನು ನೆಟ್ಟಗಿವೆ. ಒಳಗೆ, ಶಾಕ್ ಹೊಡೆಯದಂತೆ ಕಾಯುವ ಅರ್ತಿನ ಹಸಿರು ವೈರನ್ನು ಯಾರೋ ಬಿಡಿಸಿ, ಐಸ್ ಹಾಕಿ ಆಟದ ಕೋಲಿಗೆ ಸುತ್ತುವಂಥ ಬಿಳಿ ಟೇಪನ್ನು ತುದಿಗೆ ಸುತ್ತಿ, ಅಚ್ಚುಕಟ್ಟಾಗಿ ಮಡಚಿ ಇಟ್ಟಿದ್ದರು. "ಗುಂಯ್ ಅನ್ನೋ ಸದ್ದು ನಿಲ್ಲಿಸೋಕೆ ಹಿಂಗ್ ಮಾಡ್ತಾರಮ್ಮ," ಅಂದರು ಒಬ್ಬರು. "ಸದ್ದೂ ನಿಲ್ತದೆ, ಒಂದೊಂದ್ಸಲ ಮನುಷ್ಯನೂ ನಿಲ್ತಾನೆ." ಮರ್ವಿನ್ ನಾನಲ್ಲ ಅನ್ನುತ್ತಾನೆ. ಆದರೆ ನಮ್ಮಲ್ಲಿ ಸ್ಕ್ರೂಡ್ರೈವರು ಇರುವುದು ಅವನೊಬ್ಬನ ಹತ್ತಿರ.

ಇನ್ನು ಐದು ನಿಮಿಷಕ್ಕೆ ಆ ಮೈಕಿಗೆ ಬಾಯಿ ಕೊಡಬೇಕಿದ್ದವಳು ನಾನು. ಪ್ರವಾಸ ನಿಂತಿತು. ವಿನಿಪೆಗ್‌ಗೆ ವಾಪಸು ಹೋಗುತ್ತಿದ್ದೇವೆ.

ಒದಾರ್ಕ


ಹಾಲಿಚ್, ಮ್ಯಾನಿಟೋಬ
4 ಡಿಸೆಂಬರ್ 1977

ಮಗಳೇ,

ನಿನ್ನ ಪತ್ರ ಓದಿ ಮೂರು ಗಂಟೆಯಾಯಿತು. ರಿಂಕಿನ ಹಿಂದಿನ ಕೋಣೆಯಲ್ಲಿ ಕುಳಿತಿದ್ದೇನೆ. ಹುಡುಗರು ಸ್ಕೇಟು ಸಾಣೆ ಹಿಡಿಸಲು ಬಂದರು, ನಾಳೆ ಬನ್ನಿ ಎಂದು ಕಳಿಸಿದೆ.

ಆ ಬಿಳಿ ಟೇಪು ನನ್ನದು.

ಅಕ್ಟೋಬರ್ ಎಂಟರಂದು ನೀವೆಲ್ಲ ಮನೆಗೆ ಊಟಕ್ಕೆ ಹೋದಿರಿ. ನಾನು ರಿಂಕು ಕಾಯುತ್ತೇನೆ ಎಂದು ಉಳಿದೆ. ಅದಕ್ಕೆ ಮೊದಲು ನೀವು ಪೆಟ್ಟಿಗೆಗಳನ್ನು ಪರೀಕ್ಷೆ ಮಾಡಿದಾಗ ಎದ್ದ ಗುಂಯ್ ಸದ್ದು ನಿನಗೆ ನೆನಪಿದೆಯೋ ಇಲ್ಲವೋ. ಬಾಗಿಲಲ್ಲಿ ನಿಂತಿದ್ದ ಮುದುಕರ ದಂಡು ನನ್ನನ್ನು ಹಿಡಿದುಕೊಂಡಿತು. "ಏನ್ ನೆಸ್ಟರ್, ಮಗಳು ಹಾಡ್ತಾಳೆ ಅಂದೆ, ಜೇನ್ ಸಾಕ್ತಾಳಾ?" ಎಂದ ಒಬ್ಬ. "ನಮ್ಮ ಹಸು ಕರು ಹಾಕೋವಾಗ್ಲೂ ಇಷ್ಟು ನರಳಲ್ಲಪ್ಪ" ಎಂದ ಇನ್ನೊಬ್ಬ. ಊರಿಗೆ ಊರೇ ಸಂಜೆ ಬರುವುದಿತ್ತು. ನೀನು ಹದಿನೇಳಕ್ಕೆ ಊರು ಬಿಟ್ಟಾಗ ಇವಳು ಯಾವ ಬಾರಿನಲ್ಲಿ ಬೀಳುತ್ತಾಳೋ ಎಂದು ಆಡಿಕೊಂಡ ಊರು ಅದು. ಅವರ ಮುಂದೆ ನಿನ್ನ ಹಾಡು ಕೆಡಬಾರದು ಅನ್ನಿಸಿತು.

ಈ ಉಪಾಯ ನಮ್ಮಂಥ ರಿಂಕಿನವರಿಗೆ ಹೊಸದಲ್ಲ. ಹಾಕಿ ಆಟದ ಘೋಷಣೆಯ ಮೈಕಿಗೂ ಆರ್ಗನ್ ವಾದ್ಯಕ್ಕೂ ಹನ್ನೊಂದು ವರ್ಷದಿಂದ ನಾನು ಹೀಗೇ ಮಾಡಿದ್ದೇನೆ, ಯಾರಿಗೂ ಏನೂ ಆಗಿಲ್ಲ. ಕಟಿಂಗ್ ಪ್ಲೇಯರು, ಸ್ಕ್ರೂಡ್ರೈವರು, ಟೇಪು. ಐದು ನಿಮಿಷದ ಕೆಲಸ. ಸದ್ದು ನಿಂತಿತು. ರಾತ್ರಿ ನೀನು ವೇದಿಕೆ ಇಳಿದು ಬಂದು, "ಅಪ್ಪ, ಬೇರೆ ಯಾವ ರಿಂಕಲ್ಲೂ ಇಷ್ಟು ಸ್ವಚ್ಛವಾಗಿ ಕೇಳಿಸಿಲ್ಲ" ಎಂದೆ. ನಾನು ಉಬ್ಬಿಹೋದೆ. ನಾನೇ ಮಾಡಿದ್ದು ಎಂದು ಹೇಳಿಕೊಳ್ಳುವುದು ಸಣ್ಣತನವೆಂದು ಸುಮ್ಮನಿದ್ದೆ. ಬೆಳಿಗ್ಗೆ ವೈರು ವಾಪಸು ಹಾಕಿಬಿಡೋಣ ಎಂದುಕೊಂಡಿದ್ದೆ. ಬೆಳಿಗ್ಗೆ ಚಿಕ್ಕ ಹುಡುಗರ ಪಂದ್ಯವಿತ್ತು, ಐಸು ಸರಿಮಾಡುವುದಿತ್ತು. ನೀವು ಹೊರಟುಬಿಟ್ಟಿರಿ. ಮರೆತೆ. ಇಷ್ಟೇ.

ಇನ್ನೊಂದು ಮಾತಿದೆ. ಸದ್ದು ಮಾಡುತ್ತಿದ್ದುದು ಒಂದು ಪೆಟ್ಟಿಗೆಯಲ್ಲ. ನಾನು ಎರಡು ಪ್ಲಗ್ಗು ಬಿಚ್ಚಿದೆ. ಗಾರ್ನೆಟ್‌ನ ಕಪ್ಪು ಪೆಟ್ಟಿಗೆಯದು ಒಂದು. ನಿನ್ನ ಮೈಕಿನ ಕಂದು ಪೆಟ್ಟಿಗೆಯದು ಎರಡನೆಯದು. ಆರೇಳು ವಾರ ನೀನು ಅದನ್ನೇ ಹಚ್ಚಿಕೊಂಡು ಹಾಡಿದ್ದೀಯೆ. ಇದನ್ನು ಬರೆಯುವಾಗ ನನ್ನ ಹಲ್ಲು ಕಟಕಟ ಅನ್ನುತ್ತಿದೆ. ಇಪ್ಪತ್ತೆಂಟು ವರ್ಷ ಐಸಿನ ಮೇಲೆ ನಡೆದವನಿಗೆ ಇಂಥ ಚಳಿ ಗೊತ್ತಿರಲಿಲ್ಲ.

ಇದನ್ನು ಓದಿದ ಮೇಲೆ ನೀನು ನನ್ನ ಮುಖ ನೋಡುತ್ತೀಯಾ?

ನಿನ್ನ ಅಪ್ಪ
ನೆಸ್ಟರ್

(ಮೇಲಿನ ಪತ್ರವನ್ನು ಅವನು ಅಂದು ಅಂಚೆಗೆ ಹಾಕಲಿಲ್ಲ.)


ಹಾಲಿಚ್
5 ಡಿಸೆಂಬರ್ 1977

ಪ್ರೀತಿಯ ಒದಾರ್ಕ,

ಪತ್ರ ತಲುಪಿತು. ನೀನು ಚೆನ್ನಾಗಿದ್ದೀಯೆ ಎಂಬ ಸಾಲನ್ನು ಅಮ್ಮನಿಗೆ ಎರಡಲ್ಲ, ನಾಲ್ಕು ಸಲ ಓದಿದೆ. ಅವಳು ಆಗಲೇ ಚರ್ಚಿಗೆ ಹೋಗಿ ಗಾರ್ನೆಟ್‌ನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿ ಬಂದಿದ್ದಾಳೆ. "ಆ ಹುಡುಗ ನಮ್ಮ ಚರ್ಚಿನೋನಲ್ಲ, ದೇವರಿಗೆ ವಿಳಾಸ ಗೊತ್ತಾಗ್ತದಾ?" ಎಂದು ಪಾದ್ರಿಗಳನ್ನು ಕೇಳಿದಳಂತೆ.

ನಡೆದದ್ದು ನಡೆದುಹೋಯಿತು. ಈಗ ಒಂದಷ್ಟು ದಿನ ಹಾಡು ಬೇಡ. ಆ ಪೆಟ್ಟಿಗೆಗಳನ್ನೆಲ್ಲ ಒಂದು ಮೂಲೆಗೆ ಹಾಕಿಡು, ಯಾವುದನ್ನೂ ಮುಟ್ಟಬೇಡ. ಕರೆಂಟನ್ನು ನಂಬಬಾರದು. ನಿನ್ನದನ್ನೂ ಒಬ್ಬ ಎಲೆಕ್ಟ್ರಿಷಿಯನ್ನಿಗೆ ತೋರಿಸಿದರೆ ಒಳ್ಳೆಯದು. ಹಾಗೇ ಸುಮ್ಮನೆ ಹೇಳಿದೆ.

ಇಲ್ಲಿ ಮೈನಸ್ ಮೂವತ್ತೊಂದು. ಐಸು ಚೆನ್ನಾಗಿ ಕಟ್ಟಿದೆ.

ಅಪ್ಪ


ವಿನಿಪೆಗ್
29 ಡಿಸೆಂಬರ್ 1977

ಅಪ್ಪ,

ಗೆಳತಿ ಐರೀನಳ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಪೆಟ್ಟಿಗೆಗಳು ಅವಳ ಗ್ಯಾರೇಜಿನಲ್ಲಿ ಕಂಬಳಿ ಹೊದ್ದು ಮಲಗಿವೆ. ಎಲೆಕ್ಟ್ರಿಷಿಯನ್ನು ಬೇಕಿಲ್ಲ, ನಾನೇ ನೋಡಿದೆ. ನನ್ನ ಪ್ಲಗ್ಗನ್ನು ಬಿಚ್ಚುವ ಧೈರ್ಯವಾಗಲಿಲ್ಲ, ಆದರೆ ಹೊರಗೆ ಪಿನ್ನು ಮೂರೂ ಸರಿಯಾಗಿವೆ.

ಸರಿಯಾಗಿಲ್ಲದವಳು ನಾನು. ಈ ಒಣ ಚಳಿಯಲ್ಲಿ ಏನು ಮುಟ್ಟಿದರೂ ಚಟ್ ಎಂದು ಕಿಡಿ ಹಾರುತ್ತದಲ್ಲ, ಬಾಗಿಲ ಹಿಡಿ, ಕಂಬಳಿ, ಬೆಕ್ಕಿನ ಮೂಗು. ಚಿಕ್ಕವಳಿದ್ದಾಗ ಸಾಕ್ಸು ಉಜ್ಜಿಕೊಂಡು ಬಂದು ಬೇಕಂತಲೇ ನಿನ್ನ ಕಿವಿ ಮುಟ್ಟುತ್ತಿದ್ದೆ. ಈಗ ಬಾಗಿಲು ತೆರೆಯಲು ನನಗೆ ಹತ್ತು ನಿಮಿಷ ಬೇಕು. ಕೈಗವಸು ಹಾಕಿಕೊಂಡು ಊಟ ಮಾಡುತ್ತೇನೆ. ಐರೀನಳ ಪುಟ್ಟ ಮಗಳು ಕ್ರಿಸ್ಮಸ್ಸಿನ ದಿನ ಕೆನ್ನೆಗೆ ಮುತ್ತು ಕೊಡಲು ಬಂದಳು, ಕಿಡಿ ಹಾರಿತು, ನಾನು ಮಗುವನ್ನು ತಳ್ಳಿಬಿಟ್ಟೆ. ಅವಳು ಅಳಲಿಲ್ಲ. ನನ್ನನ್ನೇ ನೋಡುತ್ತ ನಿಂತಳು.

ಗಾರ್ನೆಟ್ ಆಸ್ಪತ್ರೆಯಿಂದ ಬಂದಿದ್ದಾನೆ. ಎಡಗೈಯ ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಮಡಚುವುದಿಲ್ಲ. ಡಾಕ್ಟರು ಕಾದು ನೋಡೋಣ ಅನ್ನುತ್ತಾರೆ. ಮರ್ವಿನನನ್ನು ಮ್ಯಾನೇಜರು ತೆಗೆದುಹಾಕಿದ. ನಾನೂ ಅಲ್ಲೇ ಕುಳಿತಿದ್ದೆ, ತೆಗೆಯಲಾ ಎಂದು ಕೇಳಿದಾಗ ಹೂಂ ಎಂದು ತಲೆಯಾಡಿಸಿದೆ. ಮರ್ವಿನ್ ಟೋಪಿ ಕೈಯಲ್ಲಿ ತಿರುಗಿಸುತ್ತ, "ಡಾರ್ಸಿ, ಒಂಬತ್ತು ವರ್ಷದಿಂದ ವೈರ್ ಜೋಡಿಸ್ತಿದೀನಿ, ನಿನ್ನ ಬಾಯಿಗೆ ನಾನು ಕರೆಂಟ್ ಇಡ್ತೀನಾ?" ಅಂದ. ನಾನು ಕಿಟಕಿ ನೋಡುತ್ತಿದ್ದೆ. ಈಗ ಯಾವುದೋ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದಾನಂತೆ.

ತಮಾಷೆ ಏನು ಗೊತ್ತಾ? ನನ್ನ ಹಾಡು 'ಹಲಗೆ ಕೆಳಗಿನ ಐಸು' ಈಗ ರೇಡಿಯೋದಲ್ಲಿ ಬರುತ್ತಿದೆ. ನಮ್ಮ ದೇಶದವರ ಹಾಡು ಇಷ್ಟು ಹಾಕಲೇಬೇಕು ಎಂಬ ಕಾನೂನಿದೆಯಲ್ಲ, ಮೊದಲೆಲ್ಲ ಅದನ್ನು ಬೆಳಗಿನ ಜಾವ ಹಾಲು ಕರೆಯುವ ಹೊತ್ತಿಗೆ ಹಾಕಿ ಲೆಕ್ಕ ಮುಗಿಸುತ್ತಿದ್ದರು. ಮ್ಯಾನಿಟೋಬದ ಹಸುಗಳಿಗೆಲ್ಲ ನಾನು ಬಾಯಿಪಾಠ. ಈಗ ಸಂಜೆ ಆರಕ್ಕೆ ಹಾಕುತ್ತಿದ್ದಾರೆ, ಜನ ಕೇಳಿ ಹಾಕಿಸಿಕೊಳ್ಳುತ್ತಿದ್ದಾರೆ. ಮಾರ್ಚ್ ಹನ್ನೊಂದಕ್ಕೆ ಇಲ್ಲಿನ ದೊಡ್ಡ ಐಸ್ ಹಾಕಿ ಅರೀನಾದಲ್ಲಿ ಅಮೆರಿಕದ ಒಂದು ಬ್ಯಾಂಡು ಬರುತ್ತದೆ. ಅವರಿಗಿಂತ ಮೊದಲು ಆರು ಹಾಡು ಹಾಡಲು ನನ್ನನ್ನು ಕರೆದಿದ್ದಾರೆ. ಹನ್ನೆರಡು ವರ್ಷ ಬಾರುಗಳಲ್ಲಿ ಬಿಯರ್ ಬಾಟಲಿಗಳ ಸದ್ದಿಗೆ ಎದುರಾಗಿ ಹಾಡಿದ್ದು ಇದಕ್ಕೇ. ಇದನ್ನು ಬಿಟ್ಟರೆ ಇನ್ನೊಮ್ಮೆ ಕರೆಯುವುದಿಲ್ಲ.

ನಿನ್ನೆ ಗ್ಯಾರೇಜಿಗೆ ಹೋದೆ. ಮೈಕಿಗೆ ವೈರೇ ಇರಲಿಲ್ಲ, ಸುಮ್ಮನೆ ಕಬ್ಬಿಣದ ತುಂಡು. ಬಾಯಿ ಹತ್ತಿರ ತರಲಾಗಲಿಲ್ಲ. ವಾಂತಿಯಾಯಿತು.

ನಿನಗೆ ಯಾವತ್ತಾದರೂ ಹೀಗೆ ಭಯವಾಗಿದೆಯಾ, ಅಪ್ಪ? ಆಗಿದ್ದರೆ ಹೇಳು. ನಾನೊಬ್ಬಳೇ ಅನ್ನಿಸುತ್ತದೆ.

ಒದಾರ್ಕ


ಹಾಲಿಚ್
8 ಜನವರಿ 1978

ಪ್ರೀತಿಯ ಒದಾರ್ಕ,

ಆಗಿದೆ. ಈಗಲೂ ಆಗುತ್ತಿದೆ. ಫೋನು ಗಂಟೆ ಹೊಡೆದರೆ ಎತ್ತಲು ಅಮ್ಮನನ್ನು ಕಳಿಸುತ್ತೇನೆ. ಐಸಿನ ಯಂತ್ರ ಗುಂಯ್‌ಗುಡುವುದನ್ನು ಇಷ್ಟು ವರ್ಷ ಕೇಳಿಸಿಕೊಂಡೇ ಇರಲಿಲ್ಲ, ಈಗ ಅದೊಂದೇ ಕೇಳಿಸುತ್ತದೆ.

ಶುಕ್ರವಾರ ನಮ್ಮ ಉಕ್ರೇನಿಯನ್ನರ ಹಳೆಯ ಪಂಚಾಂಗದ ಕ್ರಿಸ್ಮಸ್ ಮುನ್ನಾದಿನ. ಅಮ್ಮ ಹನ್ನೆರಡು ಅಡುಗೆಯನ್ನೂ ಮಾಡಿದಳು, ತಿನ್ನುವವರು ನಾವಿಬ್ಬರೇ. ನೀನು ಬರುತ್ತೀಯೆಂದು ತಟ್ಟೆ ಇಟ್ಟಿದ್ದಳು. ಕಾಳು ಅಂಟಿದಷ್ಟೂ ವರ್ಷ ಒಳ್ಳೆಯದೆಂದು, ಜೇನು ಬೆರೆಸಿದ ಕುತ್ಯಾ ಗೋಧಿಯನ್ನು ಒಂದು ಚಮಚ ಛಾವಣಿಗೆ ಎಸೆದೆ. ಒಂದು ಕಾಳೂ ಅಂಟಲಿಲ್ಲ, ಎಲ್ಲ ನನ್ನ ತಲೆಯ ಮೇಲೆ ಬಿತ್ತು. "ಜೇನು ಕಮ್ಮಿಯಾಯ್ತು ಕಣ್ರಿ, ಅದಕ್ಕೇ" ಎಂದಳು ಅಮ್ಮ. ಆದರೆ ಊಟ ಮುಗಿಯುವವರೆಗೂ ಛಾವಣಿಯನ್ನೇ ನೋಡುತ್ತಿದ್ದಳು.

ಮಗಳೇ, ನಿನ್ನ ಭಯ ಸುಳ್ಳಲ್ಲ. ಅದು ನಿನ್ನನ್ನು ಕಾಯುವ ಭಯ. ಅದರ ಮಾತು ಕೇಳು. ಹಾಡಿದ್ದು ಸಾಕು. ಹನ್ನೆರಡು ವರ್ಷ ಹಾಡಿದೆ, ರೇಡಿಯೋದಲ್ಲಿ ಬಂದೆ, ಊರಿನ ಬಾಯಿ ಮುಚ್ಚಿಸಿದೆ. ಇಲ್ಲಿನ ಸಹಕಾರಿ ಅಂಗಡಿಯಲ್ಲಿ ಬಟ್ಟೆ ವಿಭಾಗಕ್ಕೆ ಒಬ್ಬರು ಬೇಕಂತೆ. ನಿನ್ನ ಕೋಣೆ ಹಾಗೇ ಇದೆ. ಆ ಅರೀನಾದವರಿಗೆ ಆಗುವುದಿಲ್ಲ ಎಂದು ಬರೆದುಬಿಡು. ಮರ್ವಿನ್ ವಿಷಯಕ್ಕೆ ಕೊರಗಬೇಡ, ಕೈ ನೆಟ್ಟಗಿರುವವನು ಎಲ್ಲಾದರೂ ದುಡಿದು ತಿನ್ನುತ್ತಾನೆ.

ಅಪ್ಪ


ವಿನಿಪೆಗ್
16 ಫೆಬ್ರವರಿ 1978

ಅಪ್ಪ,

ಒಂದೂವರೆ ತಿಂಗಳು ಬರೆಯಲಿಲ್ಲ. ನಿನ್ನ ಮಾತು ಕೇಳಿದ್ದೆ. ಆಗುವುದಿಲ್ಲ ಎಂದು ಮ್ಯಾನೇಜರಿಗೆ ಬರೆದುಕೊಟ್ಟು, ಕೆಟ್ಟು ನಿಂತ ಕಾರಿನ ಹಾಗೆ ಐರೀನಳ ಮನೆಯಲ್ಲಿ ಬಿದ್ದುಕೊಂಡಿದ್ದೆ. ನಿನ್ನ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಅದರ ಮಾತು ಕೇಳು, ಅದರ ಮಾತು ಕೇಳು. ದಿನಾ ಅದನ್ನೇ ಓದುತ್ತಿದ್ದೆ.

ಕಳೆದ ವಾರ ಗಾರ್ನೆಟ್ ಬಂದ. ಕೋಟು ಬಿಚ್ಚಲು ನನ್ನ ಸಹಾಯ ಬೇಕಾಯಿತು. "ಕೈ ಹೋಗಿರೋನು ನಾನು, ಕಾರ್ಯಕ್ರಮ ಬಿಟ್ಟಿರೋಳು ನೀನು. ಇದ್ಯಾವ ನ್ಯಾಯ ಡಾರ್ಸಿ?" ಅಂದ. ನಾನು ಅತ್ತೆ. ಅವನು ಬಿಡಲಿಲ್ಲ. "ನನಗೆ ಹೊಡೀತು, ಸರಿ. ನೀನು ಹಾಡದೇ ಇದ್ರೆ ನಿನಗೂ ಹೊಡೀತು ಅಂತ ಲೆಕ್ಕ. ಒಂದೇ ಕರೆಂಟಿಗೆ ಇಬ್ಬರನ್ನ ಕೊಡೋಕೆ ನಾನು ತಯಾರಿಲ್ಲ." ಆಮೇಲೆ ಗ್ಯಾರೇಜಿನಿಂದ ಮೈಕು ತಂದು, ತನ್ನ ಕೆಟ್ಟ ಕೈಗೆ ಒರಗಿಸಿಕೊಂಡು, ತಾನೇ ಮೊದಲು ಅದಕ್ಕೆ ಬಾಯಿ ಹಚ್ಚಿ ತೋರಿಸಿದ. ಅವನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು.

ಅರೀನಾದವರು ಇನ್ನೂ ಬೇರೆಯವರನ್ನು ಗೊತ್ತುಮಾಡಿರಲಿಲ್ಲ. ಒಪ್ಪಿಕೊಂಡಿದ್ದೇನೆ. ಆರು ದಿನದಿಂದ ಐರೀನಳ ನೆಲಮಾಳಿಗೆಯಲ್ಲಿ ಕರೆಂಟಿಲ್ಲದೆ ಅಭ್ಯಾಸ ಮಾಡುತ್ತಿದ್ದೇನೆ. ಸಿಮೆಂಟು ನೆಲ, ಬೂಟಿನ ಮಂಜು ಕರಗಿ ಯಾವಾಗಲೂ ಒದ್ದೆ, ಆದರೆ ಬೇರೆ ಜಾಗವಿಲ್ಲ. ಸೋಮವಾರ ಬೆಳಿಗ್ಗೆ ಕಂದು ಪೆಟ್ಟಿಗೆಗೆ ಕರೆಂಟು ಕೊಟ್ಟು ಹಾಡುತ್ತೇನೆ. ಭಯ ಹೋಗಿಲ್ಲ. ಆದರೂ ಹಾಡುತ್ತೇನೆ.

ಬಟ್ಟೆ ಅಂಗಡಿಯವರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳು.

ಒದಾರ್ಕ


ಹಾಲಿಚ್
20 ಫೆಬ್ರವರಿ 1978, ಸೋಮವಾರ

ಒದಾರ್ಕ,

ಇದನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ, ನಾಳೆ ಮಧ್ಯಾಹ್ನ ನಿಲ್ದಾಣದಿಂದ ತೆಗೆದುಕೋ. ಜೊತೆಗೆ ಡಿಸೆಂಬರ್ ನಾಲ್ಕರಂದು ಬರೆದು ಡ್ರಾಯರಿನಲ್ಲಿ ಬಚ್ಚಿಟ್ಟ ಪತ್ರವಿದೆ. ಮೊದಲು ಅದನ್ನು ಓದು.

ಈಗ ಓದಿದ್ದೀಯೆ ಎಂದುಕೊಳ್ಳುತ್ತೇನೆ.

ನಿನ್ನ ಪತ್ರ ಇವತ್ತು ಬೆಳಿಗ್ಗೆ ಒಂಬತ್ತೂಕಾಲಿಗೆ ಕೈಗೆ ಬಂತು. ಅಂಚೆ ಕಚೇರಿಯ ಮೆಟ್ಟಿಲ ಮೇಲೇ ಒಡೆದೆ. ಸೋಮವಾರ ಬೆಳಿಗ್ಗೆ ಎಂಬ ಮಾತು ಓದಿದ ಮೇಲೆ ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಟೋಪಿ ಎಲ್ಲೋ ಬಿತ್ತು. ನಾಲ್ಕಾರು ಮನೆಗೆ ಒಂದೇ ಲೈನಲ್ಲವೇ, ಫೋನೆತ್ತಿದರೆ ಪಕ್ಕದ ಹೊಲದ ಹ್ರಿಷ್ಕೋ ಮೇಡಂ, ತಂಗಿಗೆ ಸಂಧಿವಾತದ ಕಥೆ ಹೇಳುತ್ತಿದ್ದರು. "ಲೈನ್ ಬಿಡ್ರಿ" ಎಂದೆ. "ಯಾಕಪ್ಪ ನೆಸ್ಟರ್, ಬೆಂಕಿ ಬಿತ್ತಾ?" ಎಂದರು. "ಹೌದು, ಬಿಡ್ರಿ" ಎಂದು ಕಿರುಚಿದೆ. ಎಂಟು ಸಲ ಗಂಟೆ ಹೊಡೆದ ಮೇಲೆ ನೀನು ಎತ್ತಿದೆ. ಆ ಎಂಟು ಸಲವೂ ನನಗೆ ಏನಾಗಿತ್ತೆಂದು ಬರೆಯಲು ಬರುವುದಿಲ್ಲ.

"ಪ್ಲಗ್ ಕೀಳು" ಎಂದೆ. "ಯಾಕಪ್ಪ? ಈಗ ತಾನೇ ಹಾಕಿದೆ" ಎಂದೆ ನೀನು. "ಮೈಕು ಮುಟ್ಟಿದ್ಯಾ?" "ಇಲ್ಲ, ಇನ್ನೂ ಧೈರ್ಯ ತಗೋತಿದೀನಿ." "ಹೋಗಿ ಕೀಳು." ನೀನು ಮೆಟ್ಟಿಲಿಳಿದು ಹೋದದ್ದು, ಹತ್ತಿ ಬಂದದ್ದು ನನಗೆ ಕೇಳಿಸಿತು. "ಕಿತ್ತೆ. ಯಾಕೆ?" ಎಂದೆ ನೀನು. ಲೈನಿನಲ್ಲಿ ಹ್ರಿಷ್ಕೋ ಮೇಡಂ ಉಸಿರಾಡುತ್ತಿದ್ದರು. ಪತ್ರ ಬರುತ್ತದೆ ಎಂದು ಹೇಳಿ ಇಟ್ಟುಬಿಟ್ಟೆ. ಅವರ ಭಯವಲ್ಲ, ನಿನ್ನದೇ ಭಯ.

ಪೆಟ್ಟಿಗೆ ಮೂಲೆಯಲ್ಲಿರುವವರೆಗೆ ನಿನಗೂ ಅಪಾಯವಿಲ್ಲ, ನಾನೂ ಬಾಯಿ ಬಿಡಬೇಕಿಲ್ಲ. ಅದಕ್ಕೇ ಹಾಡು ಬಿಡು ಎಂದೆ. ಕಾಯುವ ಭಯ ಎಂದು ಬರೆದೆನಲ್ಲ, ಅದು ನಿನ್ನನ್ನಲ್ಲ, ನನ್ನನ್ನು ಕಾಯುತ್ತಿತ್ತು. ಮರ್ವಿನ್ ವಿಷಯಕ್ಕೆ ಬರೆದ ಸಾಲನ್ನು ನೆನೆದರೆ ನನಗೆ ನನ್ನ ಕೈಯೇ ಹೇಸಿಗೆಯಾಗುತ್ತದೆ.

ಅಮ್ಮನಿಗೆ ಇವತ್ತು ಹೇಳಿದೆ. ಹಿಟ್ಟು ಕಲಸುತ್ತಿದ್ದಳು. ಕೈ ತೊಳೆದುಕೊಂಡು ಬಂದು ಕುಳಿತಳು.

ನೆಸ್ಟರ್


ವಿನಿಪೆಗ್
24 ಫೆಬ್ರವರಿ 1978

ಅಪ್ಪ,

ಪ್ಲಗ್ಗು ಬಿಚ್ಚಿದೆ. ಹಸಿರು ವೈರು, ಬಿಳಿ ಟೇಪು. ಎಷ್ಟು ಅಂದವಾಗಿ ಸುತ್ತಿದ್ದೀಯೆ. ನನ್ನ ಮೊದಲ ಹಾಕಿ ಕೋಲಿಗೂ ಹೀಗೇ ಸುತ್ತಿಕೊಟ್ಟಿದ್ದೆ.

ಅಕ್ಟೋಬರಿನ ಐದು ನಿಮಿಷಕ್ಕೆ ನಾನು ನಿನ್ನ ಮೇಲೆ ಸಿಟ್ಟಾಗಬಲ್ಲೆ, ಸಿಟ್ಟು ಇಳಿಯಲೂಬಹುದು. ಡಿಸೆಂಬರಿನಿಂದ ಇಲ್ಲಿಯವರೆಗಿನ ಹನ್ನೊಂದು ವಾರಕ್ಕೆ ಏನು ಮಾಡಲಿ? ನಾನು ಬಾಗಿಲು ಮುಟ್ಟಲಾರದೆ ನಿಂತಿದ್ದೆ. ನಿನಗೂ ಭಯವಾ ಎಂದು ಕೇಳಿದೆ. ನೀನು ನನ್ನ ಭಯಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದೆ. ಎಲೆಕ್ಟ್ರಿಷಿಯನ್ನಿಗೆ ತೋರಿಸು, ಹಾಗೇ ಸುಮ್ಮನೆ ಹೇಳಿದೆ. ಹಾಗೇ ಸುಮ್ಮನೆ. ನಾನು ಪಿನ್ನು ಎಣಿಸಿ ಸರಿಯಿದೆ ಎಂದು ಬರೆದಾಗಲೂ ನಿನಗೆ ಗೊತ್ತಿತ್ತು.

ನಿನ್ನ ಎರಡು ಪತ್ರವನ್ನೂ ತೆಗೆದುಕೊಂಡು ಮರ್ವಿನ್ ಕೆಲಸ ಮಾಡುವ ಹೋಟೆಲಿಗೆ ಹೋದೆ. ಕೈ ಒರೆಸಿಕೊಂಡು, ನಿಂತೇ ಓದಿದ. ಓದಿ, "ನಿಮ್ಮಪ್ಪನ ಕೆಲಸ ನೀಟಾಗಿದೆ" ಅಂದ. ಆಮೇಲೆ ಹಿತ್ತಲಿಗೆ ಹೋದ. ಬಹಳ ಹೊತ್ತಿನ ಮೇಲೆ ಬಂದ, ಕಣ್ಣು ಕೆಂಪಾಗಿತ್ತು. ನಾನು ಕ್ಷಮೆ ಕೇಳಿದೆ. ಅವನು ವಾಪಸು ಬರಲು ಒಪ್ಪಿದ್ದಾನೆ, ಆದರೆ ಎಲ್ಲ ಪ್ಲಗ್ಗನ್ನೂ ತಾನೇ ಹೊಸದಾಗಿ ಹಾಕಬೇಕೆಂಬ ಷರತ್ತಿನ ಮೇಲೆ.

ಗಾರ್ನೆಟ್‌ಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿನ್ನ ಪಾಲಿನದು. ಮಾರ್ಚ್ ಹನ್ನೊಂದು, ಮಧ್ಯಾಹ್ನ ಮೂರು ಗಂಟೆಗೆ ಅರೀನಾಕ್ಕೆ ಬಾ. ಗಾರ್ನೆಟ್ ಅಲ್ಲಿರುತ್ತಾನೆ. ಮರ್ವಿನ್ ವೈರು ಜೋಡಿಸಿರುತ್ತಾನೆ. ಗಿಟಾರು ನಿನ್ನ ಹೆಗಲಿಗೆ ಹಾಕಿಕೊಂಡು, ಎಡಗೈಯಲ್ಲಿ ತಂತಿ ಹಿಡಿದು, ನನಗಿಂತ ಮೊದಲು ನೀನು ಆ ಮೈಕಿಗೆ ಬಾಯಿ ಹಚ್ಚಬೇಕು. ಹಚ್ಚಿ, ಏನು ಮಾಡಿದೆ ಎಂದು ಅವನಿಗೆ ಹೇಳಬೇಕು. ನಾನು ಒಳಗೆ ಬರುವುದಿಲ್ಲ.

ಒದಾರ್ಕ


ಹಾಲಿಚ್
12 ಮಾರ್ಚ್ 1978

ಒದಾರ್ಕ,

ನೀನು ಹೊರಗಿದ್ದೆಯಾದ್ದರಿಂದ ಒಳಗೆ ನಡೆದದ್ದನ್ನು ಬರೆಯುತ್ತೇನೆ. ಹೆಚ್ಚು ಕಡಿಮೆ ಮಾಡದೆ ಬರೆಯುತ್ತೇನೆ.

ಮರ್ವಿನ್ ನನಗೆ ಕೈ ಕೊಡಲಿಲ್ಲ. ಗಿಟಾರನ್ನು ಹೆಗಲಿಗೆ ಹಾಕಿ, ಪಟ್ಟಿ ನನ್ನ ಅಳತೆಗೆ ಸರಿಮಾಡಿದ. ನಾನು ಗಿಟಾರು ಮುಟ್ಟಿದ್ದು ಅದೇ ಮೊದಲು. ಇಷ್ಟು ಭಾರವೆಂದು ನೀನು ಯಾವತ್ತೂ ಹೇಳಿರಲಿಲ್ಲ. ಹೊಸ ಪ್ಲಗ್ಗಿನ ಒಳಗನ್ನು ಬಿಚ್ಚಿ ತೋರಿಸಿದ, ಹಸಿರು ವೈರು ಇರಬೇಕಾದಲ್ಲಿ ಇತ್ತು, ಮುಚ್ಚಿದ. ಎಲ್ಲ ಸರಿಯಾಗಿದೆ ಎಂದು ನನ್ನ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಐಸಿನ ಮೇಲಿನ ಹಲಗೆ, ಕೆಳಗಿನಿಂದ ಚಳಿ ಏರುತ್ತಿತ್ತು. ಆ ಹಲಗೆಗಳನ್ನು ಬದುಕೆಲ್ಲ ಹೊತ್ತು ಹಾಸಿದ್ದೇನೆ, ಅವುಗಳ ಮೇಲೆ ನಿಂತು ನಡುಗಿದ್ದು ನಿನ್ನೆಯೇ.

ತಂತಿ ಹಿಡಿದೆ. ಮೈಕು ಮುಖದ ಮುಂದಿತ್ತು. ಹತ್ತಿರ ಹೋಗುತ್ತೇನೆ, ಹಿಂದೆ ಬರುತ್ತೇನೆ. ಮೂರು ಸಲ. ನಾಲ್ಕನೆಯ ಸಲ, ಐರೀನಳ ಗ್ಯಾರೇಜಿನಲ್ಲಿ ನೀನು ಹೇಗೆ ನಿಂತಿದ್ದಿರಬೇಕೆಂದು ತಿಳಿಯಿತು. ಅಲ್ಲಿಯವರೆಗೆ ತಿಳಿದಿರಲಿಲ್ಲ, ಮಗಳೇ. ಓದಿದ್ದೆ, ತಿಳಿದಿರಲಿಲ್ಲ. ಕಣ್ಣು ಮುಚ್ಚಿ ತುಟಿ ಹಚ್ಚಿದೆ. ತಣ್ಣಗಿತ್ತು. ಬೇರೇನೂ ಆಗಲಿಲ್ಲ.

ಗಾರ್ನೆಟ್ ಮೂರನೆಯ ಸಾಲಿನಲ್ಲಿ ಒಬ್ಬನೇ ಕುಳಿತಿದ್ದ. ನೀನು ಏನೋ ತಮಾಷೆ ಹೂಡಿದ್ದೀಯೆ ಎಂದುಕೊಂಡು ನಗುತ್ತಿದ್ದ. "ಪೆರೋಗಿ ತಂದಿದೀರಾ ಅಂಕಲ್?" ಎಂದು ಕೂಗಿದ. ನಾನು ಮೈಕಿನಲ್ಲಿ ಹೇಳಿದೆ, "ಗಾರ್ನೆಟ್, ನಿನ್ನ ಪ್ಲಗ್ಗಿನ ವೈರು ಬಿಡಿಸಿದ್ದು ಮರ್ವಿನ್ ಅಲ್ಲ. ನಾನು." ಆ ಖಾಲಿ ಅರೀನಾದಲ್ಲಿ ಮಾತು ಮೇಲಿನ ಸಾಲುಗಳವರೆಗೆ ಹೋಗಿ ವಾಪಸು ಬಂತು. ಎರಡು ಸಲ ಹೇಳಿದ ಹಾಗಾಯಿತು.

ಅವನ ನಗು ನಿಂತಿತು. "ಯಾವಾಗ ಗೊತ್ತಾಯ್ತು ನಿಮಗೆ?" ಎಂದ. "ಡಿಸೆಂಬರ್ ನಾಲ್ಕು." "ಇವತ್ತು ಮಾರ್ಚ್ ಹನ್ನೊಂದು," ಎಂದ. ಎದ್ದು, ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ. ಒಂದೇ ಕೈಯಲ್ಲಿ ಐದು ಗುಂಡಿ. ನಾವು ಯಾರೂ ಅಲುಗಲಿಲ್ಲ. ಕೊನೆಯದು ಬರಲಿಲ್ಲ, ಹಾಗೇ ಬಿಟ್ಟು ಹೊರಟುಹೋದ. ನನ್ನನ್ನು ಕ್ಷಮಿಸು ಎಂದು ಕೇಳಬೇಕೆಂದಿದ್ದೆ. ಮೈಕು ಮುಂದೆಯೇ ಇತ್ತು, ಬಾಯಿ ಬರಲಿಲ್ಲ.

ಬಸ್ಸು ಹಿಡಿಯಲು ಹೊರಟವನನ್ನು ಮರ್ವಿನ್ ತಡೆದ. "ಎಲ್ಲಿಗೆ? ಇಲ್ಲಿ ನಿಂತ್ಕೊ ಮುದುಕಪ್ಪ. ಸಂಜೆ ಸಾವಿರ ಜನ ಓಡಾಡ್ತಾರೆ ಹಿಂದ್ಗಡೆ. ಈ ಪ್ಲಗ್ಗನ್ನ ಯಾರೂ ಎಡವಬಾರ್ದು. ನೀನೂ ಮುಟ್ಟಬಾರ್ದು" ಎಂದ. ಆರು ಗಂಟೆ ಹೊತ್ತು ನಿಂತೆ. ನೀನು ಹಾಡುವಾಗ ನಾನು ವೇದಿಕೆಗೆ ಬೆನ್ನು ಹಾಕಿ ಪ್ಲಗ್ಗನ್ನೇ ನೋಡುತ್ತಿದ್ದೆ. ಒಂದೊಂದು ಹಾಡಿನ ಮೊದಲ ಪದಕ್ಕೂ ನನ್ನ ಉಸಿರು ನಿಲ್ಲುತ್ತಿತ್ತು, ಎರಡನೆಯ ಪದಕ್ಕೆ ಬರುತ್ತಿತ್ತು. ಮೊದಲ ಹಾಡಿನಲ್ಲಿ ನಿನ್ನ ದನಿ ನಡುಗಿತು. ನಾಲ್ಕನೆಯದರಲ್ಲಿ ನಡುಗಲಿಲ್ಲ. ಜನ ಕಾಲಿನಿಂದ ನೆಲ ಬಡಿದದ್ದು ನನ್ನ ಬೂಟಿಗೆ ತಿಳಿಯಿತು. ನಿನ್ನನ್ನು ನೋಡಲಿಲ್ಲ. ಇಳಿದು ಹೋಗುವಾಗ ನೀನು ನನ್ನ ಪಕ್ಕದಲ್ಲೇ ಹಾದುಹೋದೆ, ನಿನ್ನ ಕೋಟಿನ ತುದಿ ನನ್ನ ಕೈಗೆ ತಾಗಿತು. ನೀನು ತಿರುಗಲಿಲ್ಲ. ತಿರುಗಬೇಕಿತ್ತೆಂದು ನಾನು ಬರೆಯುತ್ತಿಲ್ಲ.

ರಿಂಕಿನ ಹಳೆಯ ಪ್ಲಗ್ಗುಗಳನ್ನೆಲ್ಲ ಇವತ್ತು ಬಿಚ್ಚಿ ಸರಿಮಾಡಿದೆ. ಘೋಷಣೆಯ ಮೈಕು ಈಗ ಗುಂಯ್ ಅನ್ನುತ್ತದೆ. ಅನ್ನಲಿ.

ನೆಸ್ಟರ್


ವಿನಿಪೆಗ್
14 ಮಾರ್ಚ್ 1978

ಅಪ್ಪ,

ಶನಿವಾರ ರೆಜೈನಾದಲ್ಲಿ ಹಾಡಬೇಕು. ಮಧ್ಯಾಹ್ನ ಮೂರಕ್ಕೆ ಜೋಡಣೆ. ನನಗಿಂತ ಮೊದಲು ಮೈಕು ಮುಟ್ಟುವವರು ಬೇಕು. ಬೆಳಗಿನ ಬಸ್ಸಿಗೇ ಹೊರಡು.

ಒದಾರ್ಕ